ಹುಳ ಒಪ್ಪಿದ ಸೊಪ್ಪು

“ಗುರುಗಳೇ, ಪರೀಕ್ಷೆ ಮಾಡಿ ನೋಡಿದ ಮೇಲೂ ಮೋಸ ಹೋಗುವುದುಂಟೆ?” ಎಂದು ಶಿಷ್ಯ ಕೇಳಿದ. ಗುರುಗಳು ಹೇಳಿದರು:

ಒಬ್ಬ ಸೊಪ್ಪಿನ ವ್ಯಾಪಾರಿಯಿದ್ದ. ಹಸಿರಾಗಿ ಕಂಡದ್ದನ್ನೆಲ್ಲ ನಂಬುವವನಲ್ಲ. ರೈತರು ಔಷಧಿ ಹೊಡೆಯುತ್ತಾರೆ, ಕೇಳಿದರೆ ಇಲ್ಲವೆನ್ನುತ್ತಾರೆ. ಅದು ಅವನಿಗೆ ಗೊತ್ತಿತ್ತು. ಅದಕ್ಕೇ ಒಂದು ಪದ್ಧತಿ ಇಟ್ಟುಕೊಂಡಿದ್ದ. ಸಂಜೆ ಬಂದ ಹೊರೆಯನ್ನು ಕೊಡವಿ, ಉದುರಿದ ಹುಳವೊಂದನ್ನು ಅದೇ ಸೊಪ್ಪಿನ ಎಲೆಯ ಜೊತೆ ಡಬ್ಬಿಯಲ್ಲಿಡುವನು. ಬೆಳಿಗ್ಗೆ ಹುಳ ಸತ್ತಿದ್ದರೆ ಹೊರೆ ತಿಪ್ಪೆಗೆ. ಎಲೆ ತಿಂದು ಹರಿದಾಡುತ್ತಿದ್ದರೆ ಅಂಗಡಿಗೆ. ನಮಗಿಂತ ಹುಳದ ಮಾತೇ ಹೆಚ್ಚಾಯಿತೆ ಎಂದು ರೈತರು ಕೆಣಕಿದರೆ, ಸುಳ್ಳು ಹೇಳಿ ಹುಳಕ್ಕೆ ಆಗಬೇಕಾದ್ದೇನಿಲ್ಲ ಎನ್ನುವನು.

ಮೊದಮೊದಲು ಹುಳಗಳು ಬಹಳ ಸತ್ತವು. ವರ್ಷ ಕಳೆದಂತೆ ಕಡಿಮೆಯಾಯಿತು. ಕೊನೆಗೆ ಸಾಯುವುದೇ ನಿಂತಿತು. ರೈತರಿಗೆ ಬುದ್ಧಿ ಬಂತೆಂದು ವ್ಯಾಪಾರಿ ಹಿಗ್ಗಿದ.

ಅವನ ಮಗಳು ಬಸುರಿಯಾಗಿ ತವರಿಗೆ ಬಂದಳು. ಹಿಂದೆ ಎರಡು ಬಸಿರು ನಿಂತಿರಲಿಲ್ಲ. ಸೊಪ್ಪು ಚೆನ್ನಾಗಿ ತಿನ್ನಲಿ ಎಂದರು ವೈದ್ಯರು. ಹುಳ ಒಪ್ಪಿದ ಕಟ್ಟನ್ನೇ ಆರಿಸಿ ಅವನು ದಿನವೂ ಮನೆಗೆ ಒಯ್ದ.

ಒಂದು ದಿನ ಎಳೆಯ ದಂಟು ತರೋಣವೆಂದು ತಾನೇ ತೋಟಕ್ಕೆ ಹೋದ. ರೈತ ಬೆನ್ನಿಗೆ ಕ್ಯಾನು ಕಟ್ಟಿಕೊಂಡು, ಸಂಜೆ ಕೊಯ್ಯಬೇಕಾದ ಮಡಿಗೇ ಔಷಧಿ ಹೊಡೆಯುತ್ತಿದ್ದ.

“ನಿನ್ನ ಸೊಪ್ಪು ತಿಂದ ಹುಳ ಸಾಯುತ್ತಿಲ್ಲವಲ್ಲೋ” ಎಂದ ವ್ಯಾಪಾರಿ.

ರೈತ ಮುಖ ಒರೆಸಿಕೊಂಡ. “ಸತ್ತಿದ್ದರೆ ಇಷ್ಟು ಯಾಕೆ ಹೊಡೆಯುತ್ತಿದ್ದೆ, ಸಾಹುಕಾರರೇ? ಸಾಯುವಂಥವು ಯಾವತ್ತೋ ಸತ್ತವು. ಈಗಿರುವುದು ಔಷಧಿ ಅರಗಿಸಿಕೊಂಡವುಗಳ ಸಂತಾನ. ಎರಡು ಪಾಲು ಹಾಕಿದರೂ ಜಗ್ಗುವುದಿಲ್ಲ.”

ವ್ಯಾಪಾರಿ ಬರಿಗೈಯಲ್ಲಿ ಮನೆಗೆ ಬಂದ. ಮಗಳು ಉಣ್ಣುತ್ತಿದ್ದಳು. ತಟ್ಟೆಯಲ್ಲಿ ಬೆಳಿಗ್ಗೆ ಅವನೇ ತಂದುಕೊಟ್ಟ ಸೊಪ್ಪಿನ ಪಲ್ಯ. ಇದು ಹುಳ ಒಪ್ಪಿದ್ದು ತಾನೆ ಅಪ್ಪಾ ಎಂದು ನಗುತ್ತ ಕೇಳಿದಳು. ಏಳು ತಿಂಗಳು ತುಂಬಿತ್ತು. ಅವನು ಹೂಂ ಎಂದ.

ಗುರುಗಳು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

“ಔಷಧಿಯ ರುಚಿಯನ್ನೇ ಕಾಣದ ತೋಟದಿಂದ ಅವನು ಹುಳ ತರಬೇಕಿತ್ತಲ್ಲವೆ, ಗುರುಗಳೇ?”

ಗುರುಗಳೆಂದರು: “ಅಂಥ ತೋಟ ಇದ್ದಿದ್ದರೆ ಸೊಪ್ಪನ್ನೇ ತರುತ್ತಿದ್ದನಲ್ಲ, ಮಗು.”