ನೆಲದೊಳಗೆ ಇಳಿದ ಹೊಳೆ

ಮರುದಿನ ಅಡಿವೆಪ್ಪನಿಗೆ ಮಠದ ಪಟ್ಟ ಕಟ್ಟುವುದಿತ್ತು. ಬಿಸಿಲೇರುವ ಮೊದಲೇ ಅವನು ಗುರುವಿನ ಮುಂದೆ ಬಂದು ಕೂತ. ಗುರುವಿನ ಹೆಸರು ರಾಚೋಟಯ್ಯ. ಆ ಹೆಸರು ಯಾರ ಬಾಯಲ್ಲೂ ಉಳಿದಿರಲಿಲ್ಲ, ಸುತ್ತಿನ ಜನಕ್ಕೆಲ್ಲ ಅವರು ಮುತ್ಯಾ, ಅಂದರೆ ಅಜ್ಜ.

“ಮುತ್ಯಾ, ನನಗ ಪಟ್ಟ ಬ್ಯಾಡ್ರಿ.”

“ಯಾಕೋ ತಮ್ಮಾ?”

“ನನ್ನೊಳಗ ಏನೂ ಇಲ್ರಿ. ಮೊದಲೆಲ್ಲ ಲಿಂಗ ಅಂಗೈಯಾಗ ಹಿಡದ್ರ ಸಾಕು, ಕಣ್ಣು ತುಂಬತಿತ್ತು. ಈಗ ಹಿಡೀತೀನಿ, ಪೂಜಿ ಮಾಡ್ತೀನಿ, ಇಡ್ತೀನಿ. ಅಷ್ಟೇ. ಒಳಗೆಲ್ಲ ಬತ್ಯಾದ.”

ಹೇಳುವಾಗ ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಭಯ ಹೆಚ್ಚಿತ್ತು. ಬತ್ತಿದವನು ಪೀಠದ ಮೇಲೆ ಕೂತು ಜನರ ಕೈಲಿ ಕಾಲು ಮುಟ್ಟಿಸಿಕೊಂಡರೆ ಅದು ಕಳ್ಳತನ ಎಂದೇ ಅವನು ನಂಬಿದ್ದ. ಹೇಳದೆ ಕೇಳದೆ ಓಡಿಹೋಗುವ ಯೋಚನೆಯೂ ಬಂದಿತ್ತು. ಆದರೆ ಮುತ್ಯಾನ ಮೇಲಿನ ಪ್ರೀತಿ ಬಿಡಲಿಲ್ಲ.

ಮುತ್ಯಾ ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ.

“ಬುತ್ತಿ ಕಟ್ಕೋ. ಕಮರಿಯಾಗ ನಡಕೋತ ಹೋಗೂನು.”

“ಇವತ್ತಾ? ಮಠದಾಗ ಇಷ್ಟು ಕೆಲಸ ಇಟ್ಕೊಂಡು?”

“ಅದಕ್ಕೇ. ಇಲ್ಲೇ ಕೂತ್ರ ನನಗ ಹೋಳಗಿ ಹೂರಣ ರುಬ್ಬಾಕ ಹಚ್ತಾರ.”

ಹೊರಟರು.

ಊರಿನ ಆಚೆ ಹೊಳೆಯು ಸುಣ್ಣಕಲ್ಲಿನ ಗುಡ್ಡವನ್ನು ಸೀಳಿಕೊಂಡು ಇಳಿಯುತ್ತದೆ. ಕಮರಿಯೊಳಗೆ ಬೇರೆ ದಾರಿಯಿಲ್ಲ, ಹೊಳೆಯೇ ದಾರಿ. ಇಬ್ಬರೂ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದರು. ಹೊಳೆ ತಾಯಿ, ಅವಳ ಮೈಮೇಲೆ ಚಪ್ಪಲಿ ಕಾಲು ಇಡಬಾರದು ಎಂಬುದು ಆ ಕಡೆಯ ಮಕ್ಕಳಿಗೂ ಗೊತ್ತು.

ಒಳಗೆ ಹೋದ ಹಾಗೆ ಎರಡೂ ಬದಿಯ ಬಿಳಿ ಗೋಡೆ ಎತ್ತರವಾಗುತ್ತ ಬಂತು. ಒಂದರ ಮೇಲೊಂದು ರೊಟ್ಟಿ ಒಟ್ಟಿದಂಥ ಪದರಗಳು. ಮೇಲೆ ಆಕಾಶ ಒಂದು ಸೀರೆಯ ಅಂಚಿನಷ್ಟು ಮಾತ್ರ ಉಳಿಯಿತು. ಅಡಿವೆಪ್ಪ ತಲೆ ಎತ್ತಿದವನು ಎತ್ತಿಕೊಂಡೇ ನಿಂತ. ತಾನು ಎಷ್ಟು ಸಣ್ಣವನು ಅನ್ನಿಸಿತು, ಹಾಗನ್ನಿಸಿದ್ದಕ್ಕೆ ಯಾಕೋ ಖುಷಿಯೂ ಆಯಿತು.

“ಇದನ್ನ ಯಾರು ಕಡದಾರ್ರಿ?”

“ಯಾರೂ ಕಡದಿಲ್ಲ. ಸುಣ್ಣದ ಗುಡ್ಡ, ಕರಗ್ತದ. ಈ ಹೊಳಿ ಅದನ್ನ ಕುಡಕೋತ ಹೋಗ್ಯಾದ.”

ಅಡಿವೆಪ್ಪ ಬಗ್ಗಿ ನೋಡಿದ. ನೀರು ಕಣಕಾಲಿನಷ್ಟೂ ಇರಲಿಲ್ಲ, ತಳದ ಒಂದೊಂದು ಹರಳೂ ಕಾಣುತ್ತಿತ್ತು. ಇಷ್ಟು ನೀರು ಅಷ್ಟು ದೊಡ್ಡ ಗುಡ್ಡವನ್ನು ಕುಡಿದಿದೆ ಎಂದರೆ ನಂಬುವುದು ಹೇಗೆ? ಗೋಡೆಯ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು.

ಮುಂದಿನ ತಿರುವಿನಲ್ಲಿ ನೀರು ತೆಳ್ಳಗಾಯಿತು. ಒಂದು ದೊಡ್ಡ ಹಾಸುಬಂಡೆಯನ್ನು ಬಳಸಿ ಅದರ ಬುಡದ ಬಿರುಕಿನೊಳಗೆ ಸದ್ದಿಲ್ಲದೆ ಇಳಿದುಹೋಯಿತು. ಅಷ್ಟೇ, ಆ ಮುಂದೆ ಹೊಳೆಯಿಲ್ಲ. ಕಣ್ಣು ಹಾಯುವವರೆಗೂ ಬಿಸಿಲಿಗೆ ಹೊಳೆಯುವ ಒಣ ಕಲ್ಲು.

“ಮುತ್ಯಾ, ಹೊಳಿ ಎಲ್ಲಿ ಹೋಯ್ತ್ರಿ?”

ಮುತ್ಯಾ ಬಿರುಕಿಗೆ ಕೈಮುಗಿದು ಮುಂದೆ ನಡೆದರು.

ಅಡಿವೆಪ್ಪ ಚಪ್ಪಲಿ ಮೆಟ್ಟಿಕೊಂಡು ಹಿಂದೆ ಹೋದ. ಸ್ವಲ್ಪ ದೂರ ಹೋದ ಮೇಲೆ ನೋಡಿದರೆ ಮುತ್ಯಾ ಬರಿಗಾಲಲ್ಲೇ ಇದ್ದಾರೆ. ಕಾದ ಕಲ್ಲಿನ ಮೇಲೆ ಹೆಜ್ಜೆ ಎತ್ತಿ ಎತ್ತಿ ಇಡುತ್ತಿದ್ದಾರೆ, ಚಪ್ಪಲಿ ಕೈಯಲ್ಲೇ ಇದೆ.

“ಚಪ್ಪಲಿ ಹಾಕ್ಕೋರಿ ಮುತ್ಯಾ. ಕಾಲು ಸುಡ್ತಾವ.”

“ಹೊಳಿಯಾಗ ಚಪ್ಪಲಿ ಹಾಕ್ತಾರೇನೋ?”

“ಎಲ್ಲದ್ರಿ ಹೊಳಿ?”

ಮುತ್ಯಾ ನಿಂತರು. ಎರಡು ಕಲ್ಲಿನ ನಡುವೆ ಕೈ ಹಿಡಿಸುವಷ್ಟು ಒಂದು ತೂತಿತ್ತು. “ಮಕ್ಕೊ,” ಅಂದರು. “ಕಿವಿ ಹಚ್ಚು.”

ಅಡಿವೆಪ್ಪ ಸುಡುವ ಕಲ್ಲಿನ ಮೇಲೆ ಬೋರಲಾಗಿ ಮಲಗಿ ಕಿವಿ ಇಟ್ಟ. ತಣ್ಣನೆಯ ಗಾಳಿ ಕೆನ್ನೆಗೆ ತಾಗಿತು. ಆಮೇಲೆ, ಬಹಳ ಕೆಳಗಿನಿಂದ, ಸದ್ದು ಕೇಳಿಸಿತು. ಮೇಲೆ ಕಣಕಾಲಿನಷ್ಟೂ ಇಲ್ಲದ ಹೊಳೆ ಅಲ್ಲಿ ಕತ್ತಲಲ್ಲಿ ಭೋರೆನ್ನುತ್ತಿತ್ತು. ಇಷ್ಟು ಹೊತ್ತೂ ಅದರ ಮೇಲೆಯೇ ನಡೆದು ಬಂದಿದ್ದ.

ಎದ್ದವನು ಚಪ್ಪಲಿ ಕಳಚಿದ.

ನಡೆಯುತ್ತ ನಡೆಯುತ್ತ ಅವನ ಮನಸ್ಸಿನಲ್ಲಿ ಒಂದು ಆಸೆ ಚಿಗುರಿತು.

“ಮುತ್ಯಾ, ನನ್ನೊಳಗೂ ಹಿಂಗೇ ಏನ್ರಿ? ಬತ್ತಿಲ್ಲ, ಕೆಳಗ ಇಳದದ. ಮುಂದ ಎಲ್ಲೋ ಮತ್ತ ಮ್ಯಾಲ ಬರ್ತದ. ಅಲ್ಲೇನ್ರಿ?”

“ಹಾಂಗಂತ ನಾ ಎಲ್ಲಿ ಹೇಳೀನಿ?”

“ಮತ್ತ ಇಲ್ಲೀತನ ಯಾಕ ಕರಕೊಂಡು ಬಂದ್ರಿ?”

“ಹಸಿವು ಆಗ್ಯಾದ. ನೆರಳು ಎಲ್ಲದ ನೋಡು.”

ಅಡಿವೆಪ್ಪನಿಗೆ ಸಿಟ್ಟು ಬಂತು. ಇಂಥ ಗುರುವಿನ ಹತ್ತಿರ ಸಿಟ್ಟು ಮಾಡಿಯೂ ಉಪಯೋಗವಿಲ್ಲ, ಅವರು ಬುತ್ತಿ ಬಿಚ್ಚಿ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಜಾಸ್ತಿ ಇದೆಯೋ ಇಲ್ಲವೋ ನೋಡುತ್ತಿರುತ್ತಾರೆ.

ಕಮರಿ ಮುಗಿದು ಬಯಲಾಗುವ ಕಡೆ ನಾಲ್ಕು ಮನೆಯ ಒಂದು ಹಳ್ಳಿ, ಒಂದು ಬಾವಿ. ಬಾವಿಯ ಕಟ್ಟೆಯ ಹತ್ತಿರ ಚಂದಮ್ಮ ಎಂಬ ಹೆಣ್ಣುಮಗಳು ನೀರು ಸೇದುತ್ತಿದ್ದಳು. ಮುತ್ಯಾನನ್ನು ಕಂಡವಳೇ ಕೊಡ ಕೆಳಗಿಟ್ಟು ಬಂದು ಕಾಲಿಗೆ ಬಿದ್ದಳು. ಏಳಲಿಲ್ಲ. ಹಾಗೇ ಅಳತೊಡಗಿದಳು.

“ನನ್ನ ಕೂಸು ಹೋಯ್ತು ಮುತ್ಯಾ. ಹೋದಾಗಿಂದ ಒಂದು ಹನಿ ಕಣ್ಣೀರು ಬಂದಿದ್ದಿಲ್ಲ. ಮಂದಿ ನನಗ ಕಲ್ಲಿನೆದಿಯಾಕಿ ಅಂದ್ರು.”

ಮುತ್ಯಾ ಕೆಳಗೆ ಕೂತು ಅವಳ ತಲೆಯ ಮೇಲೆ ಕೈ ಇಟ್ಟರು. ಉಪದೇಶ ಮಾಡಲಿಲ್ಲ. ಕೂಸಿನ ಹೆಸರು ಕೇಳಿದರು, ಅವಳು ಹೇಳಿದಳು. ಅಳು ತಾನಾಗಿ ನಿಲ್ಲುವವರೆಗೂ ಹಾಗೇ ಕೂತಿದ್ದರು.

ಕೊನೆಗೆ ಚಂದಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಇಬ್ಬರಿಗೂ ಬೊಗಸೆಗೆ ನೀರು ಹಾಕಿದಳು.

“ಎದಿ ಹಗುರಾಯ್ತು ಮುತ್ಯಾ. ನಿಮ್ಮ ಕಡಿಂದ ಏನೋ ಬಂತು, ನನ್ನೊಳಗ ಹರೀತು.”

ಕೊಡ ಹೊತ್ತು ಮನೆಯ ಕಡೆ ಹೋದಳು. ಅವಳ ನಡಿಗೆಯೇ ಬೇರೆಯಾಗಿತ್ತು. ಅಡಿವೆಪ್ಪ ಅವಳು ಮರೆಯಾಗುವವರೆಗೂ ನೋಡಿದ.

“ಇದಕ್ಕೇ ಹೇಳಿದ್ದೆ ಮುತ್ಯಾ, ಪಟ್ಟ ನನಗ ಬ್ಯಾಡ ಅಂತ. ನೀವು ತುಂಬಿದವ್ರು. ನಿಮ್ಮ ಹತ್ರ ಇತ್ತು, ಆಕಿಗೆ ಕೊಟ್ರಿ. ಬತ್ತಿದವ ನಾನು, ಏನು ಕೊಡ್ಲಿ?”

ಮುತ್ಯಾ ಒದ್ದೆ ಕೈಯನ್ನು ಮುಖಕ್ಕೆ ಒರೆಸಿಕೊಂಡರು.

“ನಾ ಬತ್ತಿ ಭಾಳ ವರ್ಷ ಆಯ್ತು, ತಮ್ಮಾ. ಆಕಿಗೆ ಎಲ್ಲಿಂದ ಬಂತು ಅಂತ ನಾನೂ ನೋಡ್ಲತ್ತೀನಿ.”