ಪೆಂಡೆಯದ ಮರಡಿ

ಸೂರನಹಟ್ಟಿಯಿಂದ ಬಡಗಣ ದಿಕ್ಕಿಗೆ ಹೋಗುವ ಬಂಡಿಜಾಡು ಹಳ್ಳ ದಾಟಿದೊಡನೆ ಎಡಕ್ಕೆ ಒಂದು ಮರಡಿ ಕಾಣುತ್ತದೆ. ಎತ್ತರವೇನೂ ಇಲ್ಲ, ಮಕ್ಕಳೂ ಓಡಿ ಹತ್ತಬಹುದು. ನೆತ್ತಿಯಲ್ಲಿ ಗುಡಿಯಿಲ್ಲ, ಬರೆಹದ ಕಲ್ಲಿಲ್ಲ. ಆದರೂ ಹಟ್ಟಿಯವರು ಅದರ ಬುಡದಲ್ಲಿ ಚಪ್ಪಲಿ ಬಿಟ್ಟೇ ಮೇಲೆ ಹೋಗುತ್ತಾರೆ. ಅದರ ಹೆಸರು ಪೆಂಡೆಯದ ಮರಡಿ. ಪೆಂಡೆಯವೆಂದರೆ ಯುದ್ಧದಲ್ಲಿ ಪರಾಕ್ರಮ ಮೆರೆದವನ ಕಾಲಿಗೆ ಅರಸರು ತೊಡಿಸುತ್ತಿದ್ದ ಚಿನ್ನದ ಬಳೆ.

ಹಿಂದೆ ಈ ಸೀಮೆ ಕರೇಕಲ್ಲು ಕೋಟೆಯ ನಾಯಕರ ಕೈಯಲ್ಲಿದ್ದಾಗ ಹಟ್ಟಿಯ ಪಾಲಯ್ಯ ಅವರ ದಂಡಿನಲ್ಲಿದ್ದ. ಒಂದು ಬೇಸಿಗೆ ಶತ್ರುಗಳು ಕೋಟೆಯ ತೆಂಕಣ ಬಾಗಿಲನ್ನು ಒಡೆದರು. ಅಲ್ಲಿ ಕಾವಲಿಗಿದ್ದವರು ಹನ್ನೆರಡೇ ಮಂದಿ. ಬೆಳಗಿನಿಂದ ಬೈಗಿನವರೆಗೆ ಅವರು ಆ ಬಾಗಿಲನ್ನು ಬಿಟ್ಟುಕೊಡಲಿಲ್ಲ. ನಾಯಕರ ಕುದುರೆದಂಡು ಬರುವಷ್ಟರಲ್ಲಿ ಹನ್ನೊಂದು ಮಂದಿ ಸತ್ತಿದ್ದರು. ಪಾಲಯ್ಯನೊಬ್ಬ ಉಳಿದಿದ್ದ, ಅವನ ಎಡಗಾಲು ಉಳಿದಿರಲಿಲ್ಲ. ಗಾಯ ಮಾಯ್ದ ಮೇಲೆ ನಾಯಕರು ತುಂಬಿದ ಸಭೆಯಲ್ಲಿ ಪೀಠದಿಂದ ಇಳಿದು ಬಂದು, ನೆಲದ ಮೇಲೆ ಕುಳಿತು, ಅವನ ಬಲಗಾಲಿಗೆ ಪೆಂಡೆಯ ತೊಡಿಸಿದರು ಎನ್ನುತ್ತಾರೆ. ಆಮೇಲೆ ಅವನು ಹಟ್ಟಿಗೆ ಮರಳಿ, ಮಗಳು ಬೋರಮ್ಮನ ಮನೆಯ ಜಗುಲಿಯಲ್ಲಿ ಹಗ್ಗ ಹೊಸೆಯುತ್ತ ಕಾಲ ಕಳೆದ.

ಕೆಲವು ವರ್ಷಗಳಲ್ಲಿ ನಾಯಕರು ಸೆರೆಸಿಕ್ಕರು, ಕೋಟೆ ಬಿದ್ದಿತು. ಹೊಸದಾಗಿ ಬಂದ ಸುಬೇದಾರ, ಹಳೆಯ ನಾಯಕರು ಕೊಟ್ಟ ಕತ್ತಿ, ಶಾಲು, ಬಳೆಗಳನ್ನೆಲ್ಲ ತಂದು ತನ್ನ ಬಾಗಿಲಲ್ಲಿ ಇಡಬೇಕೆಂದು ಡಂಗುರ ಹೊಡೆಸಿದ. ದೊಡ್ಡ ದೊಡ್ಡ ಗೌಡರೇ ತಲೆ ತಗ್ಗಿಸಿಕೊಂಡು ಹೋಗಿ ಇಟ್ಟು ಬಂದರು. ಪಾಲಯ್ಯ ಹೋಗಲಿಲ್ಲ. ಕೊನೆಗೆ ಸುಬೇದಾರನೇ ದಂಡು ಕಟ್ಟಿಕೊಂಡು ಹಟ್ಟಿಗೆ ಬಂದ. ಪಾಲಯ್ಯ ಜಗುಲಿಯಿಂದ ಏಳಲಿಲ್ಲ, ಕಾಲನ್ನು ಮುಂದಕ್ಕೆ ಚಾಚಿದ.

"ಕೋಟೆ ಬಾಗಿಲಲ್ಲಿ ಒಂದು ಕಾಲು ಕೊಟ್ಟೆ. ಇದೂ ಬೇಕಿದ್ದರೆ ಕಡಿದುಕೊಂಡು ಹೋಗಿ. ಬಿಚ್ಚಿ ಕೊಡುವವನು ನಾನಲ್ಲ. ಇದು ನನ್ನೊಬ್ಬನದಲ್ಲ, ಹನ್ನೆರಡು ಜನರದು."

ಸುಬೇದಾರ ತನ್ನ ಜಮಾದಾರನ ಕಡೆ ನೋಡಿದ. ಜಮಾದಾರ ಕತ್ತಿಗೆ ಕೈಹಾಕಲಿಲ್ಲ. "ಹುಜೂರ್, ಆ ದಿನ ಬಾಗಿಲ ಹೊರಗೆ ನಾನಿದ್ದೆ. ಈ ಕೆಲಸ ಬೇರೆಯವರಿಗೆ ಹೇಳಿ" ಎಂದ. ಬೇರೆ ಯಾರೂ ಮುಂದೆ ಬರಲಿಲ್ಲ. ಸುಬೇದಾರನಿಗೆ ಮುಖಭಂಗವಾಯಿತು. "ಬದುಕಿರುವ ತನಕ ಇಟ್ಟುಕೊಳ್ಳಲಿ. ಸತ್ತ ದಿನ ಅದು ನನ್ನದು" ಎಂದು ಹೇಳಿ ಕುದುರೆ ತಿರುಗಿಸಿದ.

ಮೂರನೆಯ ವರ್ಷ ಪಾಲಯ್ಯ ತೀರಿಕೊಂಡ. ಪೆಂಡೆಯದೊಡನೆಯೇ ಅವನನ್ನು ಮರಡಿಯ ಮೇಲೆ ಮಣ್ಣುಮಾಡಿ ಕಲ್ಲು ಒಟ್ಟಿದರು. ಸುಬೇದಾರನ ಸವಾರರು ಬರುತ್ತಿದ್ದಾರೆಂಬ ಸುದ್ದಿ ಬಂದಾಗ ಬೋರಮ್ಮ ಹಟ್ಟಿಯವರನ್ನು ಸೇರಿಸಿದಳು. "ಒಂದೇ ಗುಡ್ಡೆಯಿದ್ದರೆ ಅಗೆದುಬಿಡುತ್ತಾರೆ ಕಣ್ರಪ್ಪ. ಮನೆಗೊಂದು ಗುಡ್ಡೆ ಹಾಕೋಣ" ಎಂದಳು. ಬಸುರಿಯರೂ ಮುದುಕರೂ ಹಳ್ಳದಿಂದ ಕಲ್ಲು ಹೊತ್ತರು. ಸವಾರರು ಬರುವಷ್ಟರಲ್ಲಿ ಮರಡಿಯ ತುಂಬ ಕಲ್ಲುಗುಡ್ಡೆಗಳೆದ್ದಿದ್ದವು.

"ನಿಮ್ಮಪ್ಪನದು ಯಾವುದಮ್ಮ?" ಎಂದು ಸವಾರರ ಮುಖಂಡ ಕೇಳಿದ.

"ಎಲ್ಲವೂ ನಮ್ಮಪ್ಪನದೇ" ಎಂದಳು ಬೋರಮ್ಮ. "ಅಗೆಯಿರಿ, ನಾವೂ ಇಲ್ಲೇ ಇರುತ್ತೇವೆ."

ಸವಾರರು ಎರಡು ದಿನ ಅಗೆದರು. ಅವರು ಒಂದನ್ನು ಕೆಡವಿ ಮುಂದಿನದಕ್ಕೆ ಹೋದರೆ ಹೆಂಗಸರು ಬಂದು ಹಿಂದಿನದನ್ನು ಮತ್ತೆ ಒಟ್ಟುತ್ತಿದ್ದರು. ಯಾವುದನ್ನು ಅಗೆದಿದ್ದೇವೆ, ಯಾವುದನ್ನು ಬಿಟ್ಟಿದ್ದೇವೆ ಎಂಬುದೇ ಅವರಿಗೆ ತಿಳಿಯದಾಯಿತು. ಮೂರನೆಯ ದಿನ ಹಾರೆಗಳನ್ನು ಅಲ್ಲೇ ಎಸೆದು ಹೊರಟುಹೋದರು. ಸುಬೇದಾರ ಮತ್ತೆ ಆ ಮಾತೆತ್ತಲಿಲ್ಲವಂತೆ.

ಇಂದು ಮರಡಿ ಹತ್ತಿದವರು ಆ ಗುಡ್ಡೆಗಳ ನಡುವೆಯೇ ನಡೆಯಬೇಕು. ಮಳೆಗೆ ಜಾರಿದ ಕಲ್ಲನ್ನು ಹಟ್ಟಿಯವರು ಎತ್ತಿಡುತ್ತಲೇ ಇರುತ್ತಾರೆ. ಪಾಲಯ್ಯನದು ಯಾವುದೆಂದು ಕೇಳಿದವರಿಗೆ ಹತ್ತಿರವಿದ್ದ ಒಂದನ್ನು ತೋರಿಸುತ್ತಾರೆ. ಮರುದಿನ ಹೋಗಿ ಕೇಳಿದರೆ ಬೇರೊಂದನ್ನು ತೋರಿಸುತ್ತಾರೆ.