ಜವರ ಎಣಿಸಿದ ರಣಹದ್ದು

ಮಂಚಮ್ಮನಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು. ಅದೇ ಅವಳ ಗೋಳು. ತೀರಿಹೋದ ಗಂಡನ ಕಾಡು ಕಾವಲಿನ ಕೆಲಸ ಮಗನಿಗೆ ಸಿಗಬೇಕಿತ್ತು. ಅರಣ್ಯ ಇಲಾಖೆಯ ಸಾಹೇಬರು ಬರುವುದರೊಳಗೆ ಗುಡ್ಡದ ರಣಹದ್ದುಗಳನ್ನು ಜಾತಿವಾರು ಎಣಿಸಿಕೊಟ್ಟರೆ ಕೆಲಸ ಅವನದೇ.

ಗಾರ್ಡು ಮಾದಪ್ಪ ಪುಸ್ತಕ ಕೊಟ್ಟ. "ಈ ಗುಡ್ಡದಲ್ಲಿ ಇರೋದು ಎರಡೇ ಜಾತಿ ಕಣ್ಲಾ, ಎರಡೂ ಅಳಿದು ಹೋಗ್ತಾ ಅವೆ. ಬೆನ್ನು ಬೆಳ್ಳಗಿದ್ರೆ ಮೊದಲ ಪುಟ. ಕೊಕ್ಕು ಉದ್ದ ಇದ್ರೆ ಎರಡನೇ ಪುಟ."

ಮಂಚಮ್ಮ ಒಳಗೆ ಹೋದಳು, ಹೊರಗೆ ಬಂದಳು, ಮತ್ತೆ ಒಳಗೆ ಹೋದಳು. ಸಂಜೆ ಜವರ ಬಂದ. ಮೊದಲ ಪುಟದಲ್ಲಿ ಹನ್ನೊಂದು ಬಿಳಿ ಕುರಿ, ಬೆನ್ನ ಮೇಲೆ ಬಿಳಿ ಬಟ್ಟೆ ಹೊತ್ತ ಅಗಸರ ಕತ್ತೆ. ಎರಡನೆಯದರಲ್ಲಿ ಮರಕುಟಿಗ.

"ಕತ್ತೆ ಹಾರುತ್ತೇನ್ಲಾ?" ಎಂದ ಲೆಕ್ಕ ನೋಡಲು ಬಂದಿದ್ದ ಮಾದಪ್ಪ.

"ಹಾರಬೇಕು ಅಂತ ನೀವು ಹೇಳ್ಲಿಲ್ವಲ್ಲಣ್ಣ!"

"ಅಯ್ಯೋ ನನ್ನ ಕರ್ಮವೇ!" ಎಂದಳು ಮಂಚಮ್ಮ.

"ಬೆನ್ನು ಬಿಡು, ಕೊಕ್ಕು ಬಿಡು, ಗೂಡು ನೋಡು!" ಎಂದ ಮಾದಪ್ಪ. "ಮರದ ಮೇಲೆ ಗೂಡಿದ್ರೆ ಬಿಳಿಬೆನ್ನಿನದು. ಬಂಡೆ ಸಂದೀಲಿದ್ರೆ ಉದ್ದಕೊಕ್ಕಿನದು."

ಮಾರನೇ ಸಂಜೆ ಮಂಚಮ್ಮ ಒಲೆ ಹಚ್ಚಿದಳು, ಬಾಗಿಲಿಗೆ ಓಡಿದಳು, ಒಲೆ ಆರಿತು. ಜವರ ಬಂದ, ಮುಖವೆಲ್ಲ ಊದಿತ್ತು. ಮೊದಲ ಪುಟದ ತುಂಬ ಕಾಗೆ, ಕೆಂಜಿಗದ ಇರುವೆ.

"ಉದ್ದಕೊಕ್ಕಿನದು ಎಣಿಸೋಕೆ ಬಿಡ್ಲಿಲ್ಲ ಕಣವ್ವ, ಗುಂಪಾಗಿ ಬಂದು ಚುಚ್ಚಿಬಿಟ್ವು!"

"ಹೆಜ್ಜೇನು ಕಣೋ ಅದು!"

ಮಾದಪ್ಪ ತಲೆ ಚಚ್ಚಿಕೊಂಡ. "ನಾಳೆ ಸಾಹೇಬ್ರು ಬರ್ತಾರೆ. ಸತ್ತ ದನ ಹಾಕೋ ಬಯಲಿಗೆ ಹೋಗು. ಅಲ್ಲಾಡಿದ್ರೆ ಹಕ್ಕಿ ಹೆದರ್ತವೆ. ಸತ್ತೋನ ಹಂಗೆ ಬಿದ್ದಿರು. ಎರಡೂ ಜಾತಿ ಪಕ್ಕಪಕ್ಕದಲ್ಲೇ ಇಳೀತವೆ, ಯಾವುದು ಯಾವುದು ಅಂತ ಚೆನ್ನಾಗಿ ಗೊತ್ತಾಗುತ್ತೆ."

ಮರುದಿನ ಮಂಚಮ್ಮನಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬಯಲಿಗೇ ನಡೆದಳು. ಮೇಲೆ ಹಕ್ಕಿಗಳು ಸುತ್ತಿದವು, ಸುತ್ತಿದವು, ಇಳಿದವು. ಸತ್ತವನಂತೆ ಬಿದ್ದಿದ್ದ ಮಗನ ಎಡಕ್ಕೆ ಬಿಳಿ ಬೆನ್ನು, ಬಲಕ್ಕೆ ಉದ್ದ ಕೊಕ್ಕು. ಅವಳಿಗೇ ಗುರುತು ಸಿಕ್ಕಿತು! ಅಷ್ಟರಲ್ಲಿ ಒಂದು ಹಕ್ಕಿ ಕುಪ್ಪಳಿಸಿ ಬಂದು ಅವನ ಹೆಬ್ಬೆರಳು ಕುಕ್ಕಿತು. ಜವರ ಮಿಸುಕಲಿಲ್ಲ.

"ಅಯ್ಯಯ್ಯೋ, ನನ್ನ ಮಗ!"

ಅವಳು ಓಡಿದಳು. ಹಕ್ಕಿಗಳೆಲ್ಲ ಎದ್ದು ಹಾರಿದವು. ಮಾದಪ್ಪನೊಡನೆ ಸಾಹೇಬರೂ ಏದುಸಿರು ಬಿಡುತ್ತ ಬಂದರು.

"ಇಷ್ಟು ಹಕ್ಕಿ ಒಟ್ಟಿಗೆ ನೋಡಿ ಎಷ್ಟು ವರ್ಷ ಆಗಿತ್ತು! ಹೇಳಪ್ಪ, ಯಾವ ಜಾತಿ ಎಷ್ಟೆಷ್ಟು?"

ಜವರ ಬಿದ್ದೇ ಇದ್ದ.

"ಹೇಳ್ಲಾ, ಕೆಲಸ ಹೋಗುತ್ತೆ!" ಮಾದಪ್ಪ ಗದರಿದ.

"ಹೇಳೋ ನನ್ನಪ್ಪ! ಕಾಲ ಹತ್ರಾನೇ ಬಂದಿದ್ವಲ್ಲೋ!" ಮಂಚಮ್ಮ ಅವನ ಭುಜ ಹಿಡಿದು ಅಲುಗಾಡಿಸಿದಳು.

ಜವರ ತುಟಿಯಷ್ಟೇ ಆಡಿಸಿ ಪಿಸುಗುಟ್ಟಿದ:

"ಬಂದಿದ್ವಾ ಅವ್ವ? ನಂಗೆಂಗೆ ಗೊತ್ತಾಗ್ಬೇಕು? ಸತ್ತೋರು ಕಣ್ಣು ಬಿಟ್ಕೊಂಡು ಎಣಿಸ್ತಾರಾ?"